ಚೀಲದ ಬಾಯಿ

"ಬಾಯಿ ತೆಗಿ."

ನಮ್ಮ ಯಜಮಾನಿ ಮಿಸ್ ಕೊರೀನ್ ಹಾಗೆಂದದ್ದು ನನಗಲ್ಲ, ನನ್ನ ಕೈಚೀಲಕ್ಕೆ. ನನ್ನ ಬಾಯಿಯನ್ನು ತೆಗೆ ಎಂದು ಯಾರೂ ಹೇಳಬೇಕಾಗಿಲ್ಲ. ಅದನ್ನು ಮುಚ್ಚು ಎಂದು ಹೇಳಿ ಹೇಳಿ ನಮ್ಮ ಸೀಮೆಯ ಪಾದ್ರಿಗಳು ಒಬ್ಬರಾದ ಮೇಲೊಬ್ಬರು ಗಂಟಲು ಕಳೆದುಕೊಂಡು ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದಾರೆ.

ನಾನು ಕೊಂಡಿಯನ್ನು ಎಡಕ್ಕೆ ಒತ್ತಿ ಮೇಲಕ್ಕೆ ಎತ್ತಿದೆ. ಹಾಗೆ ಮಾಡದಿದ್ದರೆ ಅದು ತೆರೆಯುವುದಿಲ್ಲ. ಹಿತ್ತಾಳೆ ಕೊಂಡಿ, ಕರಿ ಚರ್ಮದ ಚೀಲ. ಮುಚ್ಚುವಾಗ ಅದು ಟಪ್ ಎಂದರೆ ನದಿಯಾಚೆಯ ನಾಯಿಗಳು ಜಗಲಿಯ ಅಡಿಗೆ ನುಗ್ಗುತ್ತಿದ್ದವು. ಅಲಬಾಮಾದ ಯಾವ ರಾಜ್ಯಪಾಲನ ಹೆಂಡತಿಯ ಬಳಿಯೂ ಅಂಥ ಚೀಲ ಇರಲಿಲ್ಲ ಎಂದು ನಾನು ಬೈಬಲ್ ಮುಟ್ಟಿ ಹೇಳಬಲ್ಲೆ. ಹೇಳಿಯೂ ಇದ್ದೇನೆ.

ಮಿಸ್ ಕೊರೀನ್ ಅದನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಹಿಂಬಾಗಿಲ ಪಕ್ಕದ ಮೊಳೆಗೆ ಒಂದು ಮರದ ಸೌಟು ನೇತುಹಾಕಿದ್ದಳು. ಸಂಜೆ ನಾವು ಕೆಲಸ ಮುಗಿಸಿ ಹೊರಡುವಾಗ ಆ ಸೌಟಿನಿಂದ ನಮ್ಮ ಚೀಲಗಳನ್ನು ಸಾರು ತಿರುವಿದ ಹಾಗೆ ತಿರುವುವಳು. ನನ್ನ ಬಾಚಣಿಗೆ, ನನ್ನ ನಶ್ಯದ ಡಬ್ಬಿ, ಅದಕ್ಕೆ ಅದ್ದುವ ಹಲ್ಲುಕಡ್ಡಿ, ಪಿನ್ನುಗಳು, ಭಾನುವಾರದ ಬಿಳಿ ಕೈಗವುಸು, ತಿಂಗಳ ಬಟ್ಟೆ, ಎಲ್ಲವೂ ಒಂದರ ಮೇಲೊಂದು ಎದ್ದು ಬಿದ್ದು ತಳ ಸೇರುತ್ತಿದ್ದವು.

"ಥೂ, ಇದೇನೇ ಹೊಲಸು ಕಡ್ಡಿ," ಎಂದಳು.

"ಹಲ್ಲುಕಡ್ಡಿ ಕಣಮ್ಮಾವ್ರೆ. ನಿನ್ನೆನೂ ಕೇಳುದ್ರಿ."

"ನಿಮ್ಮ ಜಾತಿಗೆ ಬುದ್ಧಿ ಬರಲ್ಲ. ಮುಚ್ಚು ಅದರ ಬಾಯಿ." ಆಮೇಲೆ ಹಂದಿಮೂಳೆಯೊಂದನ್ನು ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಅದು ಅವಳೇ ಕೊಡುವ ಮೂಳೆ. ಬೆಳ್ಳಿ ಚಮಚ ಅದರೊಳಗೆ ಹೊಕ್ಕಿದೆಯೋ ಎಂದು ನಾಳೆ ಅದನ್ನೂ ತಿರುವಬಹುದು ಎಂದು ನಾನು ಟೆನ್ಸಕ್ಕನಿಗೆ ಕಣ್ಣು ಹೊಡೆದೆ. ಅವಳು ನಗಲಿಲ್ಲ. ಮುಂಜಾನೆಯಿಂದ ಒಲೆಯ ಮುಂದೆ ನಿಂತವಳು. ಅವಳ ಕಾಲುಗಳು ಷೂಗಳಿಂದ ಹಿಟ್ಟಿನ ಹಾಗೆ ಉಬ್ಬಿ ಹೊರಬಂದಿದ್ದವು.

ಹಾಲ್ಕೂಂಬರ ಮನೆಯಲ್ಲಿ ಟೆನ್ಸಕ್ಕ ಅಡುಗೆ, ನಾನು ಒಗೆತ ಮತ್ತು ಇಸ್ತ್ರಿ. ನಾನು ಇಸ್ತ್ರಿ ಮಾಡಿದ ಅಂಗಿಯ ತೋಳಿನ ಮಡಿಕೆಯಿಂದ ಮಿಸ್ ಕೊರೀನ್ ಗಂಡ ಮಿಸ್ಟರ್ ಹಾಲ್ಕೂಂಬ್ ಕಲ್ಲಂಗಡಿ ಕುಯ್ಯಬಹುದಿತ್ತು. ಆದರೆ ಆ ಮನೆಯಲ್ಲಿ ಹಳಬಳು ಟೆನ್ಸಕ್ಕ. ಮಿಸ್ ಕೊರೀನ್ ಅದೇ ಮನೆಯಲ್ಲಿ ಹುಟ್ಟಿದವಳು. ಅವಳಿಗೆ ಹಲ್ಲು ಬರುವಾಗ ಊರೆಲ್ಲ ಕೇಳುವ ಹಾಗೆ ಅರಚುತ್ತಿದ್ದಳಂತೆ. ಆಗ ರಾತ್ರಿಯೆಲ್ಲ ಎತ್ತಿಕೊಂಡು, ಒಸಡಿಗೆ ಬೆರಳಿಟ್ಟು ಉಜ್ಜಿ ಉಜ್ಜಿ ಮಲಗಿಸಿದವಳು ಟೆನ್ಸಕ್ಕ. ಈಗ ಟೆನ್ಸಕ್ಕನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಹೆತ್ತ ಒಂದೊಂದು ಮಗುವೂ ಒಂದೊಂದು ಕಿತ್ತುಕೊಂಡು ಹೋಯಿತು, ಉಳಿದದ್ದನ್ನು ಹಿಂಬಾಗಿಲಲ್ಲಿ ಕೂರಿಸಿ ದಂತವೈದ್ಯ ಕಿತ್ತ.

ಅವಳಿಗೆ ಒಂದೇ ಹುಚ್ಚು. ಸಾಯುವ ಮೊದಲು ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತಿ ಓಟಿಗೆ ಹೆಸರು ಬರೆಸಬೇಕು. ಯಾಕೆ ಎಂದರೆ ಹೇಳುತ್ತಿರಲಿಲ್ಲ. "ಸುಮ್ಕೆ" ಎನ್ನುತ್ತಿದ್ದಳು.

*

ನಮ್ಮ ಕೋರ್ಟಿನಲ್ಲಿ ಹೆಸರು ಬರೆಯುವುದು ತಿಂಗಳ ಮೊದಲ ಸೋಮವಾರ. ಅಂದು ಬೀಗ ತೆಗೆಯುತ್ತಾರೆ, ನಾವು ಕರಿಯರು ಬರುವುದು ಕಂಡರೆ ಮತ್ತೆ ಹಾಕುತ್ತಾರೆ. ಆ ಚಳಿಗಾಲದಲ್ಲಿ ನಮ್ಮ ಹೆಸರು ಬರೆಸಲು ಮಾಂಟ್‌ಗೊಮೆರಿಯ ಕಾಲೇಜಿನಿಂದ ವಿಲೆಟ್ ಎಂಬ ಹುಡುಗಿ ಬಂದಿದ್ದಳು. ಜೋಳದ ದಂಟಿನಷ್ಟು ತೆಳ್ಳಗೆ, ಕನ್ನಡಕ. ಪಿಸ್ಗಾ ಚರ್ಚಿನಲ್ಲಿ ನಿಂತು ಹೇಳಿದಳು.

"ಸೋಮವಾರ ಎಲ್ಲರೂ ಒಟ್ಟಿಗೆ ಹೋಗೋಣ. ಬಾಗಿಲಲ್ಲೇ ಹಿಡೀತಾರೆ, ಜೈಲಿಗೆ ಹಾಕ್ತಾರೆ, ಎಷ್ಟು ದಿನಾನೋ ಗೊತ್ತಿಲ್ಲ. ಅಲ್ಲಿ ಏನೂ ಕೊಡಲ್ಲ. ಎಲ್ಲರೂ ಚೀಲದಲ್ಲಿ ಹಲ್ಲುಜ್ಜೋದು ಒಂದು ಇಟ್ಕೊಂಡಿರಿ. ಗುರುವಾರದ ಸಭೆಗೆ ತಂದು ತೋರಿಸಿ, ಯಾರು ತಯಾರು ಅಂತ ನಂಗೆ ಗೊತ್ತಾಗ್ಲಿ."

ಗುರುವಾರ ಅವಳು, "ತಂದಿದ್ದೀರಾ, ಎತ್ತಿ ತೋರಿಸಿ," ಎಂದಳು. ನಾವು ಎತ್ತಿದೆವು. ಊರ ಹಿಂದಿನ ಕೆಸರುಹೊಂಡದ ಗಮ್ ಮರವೇ ಎದ್ದು ಚರ್ಚಿಗೆ ನಡೆದು ಬಂದ ಹಾಗಿತ್ತು. ಬರೀ ಕಡ್ಡಿ. ನಮ್ಮ ಕಡೆ ಹಲ್ಲುಜ್ಜೋದು ಎಂದರೆ ಅದೇ. ಗಮ್ ಮರದ ಎಳೆ ಕಡ್ಡಿ ಮುರಿದು, ತುದಿ ಜಗಿದು ಎಳೆ ಎಳೆ ಮಾಡಿ, ನಶ್ಯಕ್ಕೆ ಅದ್ದಿ ದವಡೆಗಿಟ್ಟುಕೊಂಡರೆ ಸಂಜೆಯವರೆಗೆ ಹಸಿವೂ ಇಲ್ಲ, ಯಜಮಾನಿಯ ಮಾತೂ ಕಿವಿಗೆ ಬೀಳುವುದಿಲ್ಲ. ನಾನಂತೂ ಎರಡು ಕೈಯಲ್ಲೂ ಹಿಡಿದಿದ್ದೆ. ನನ್ನ ಕಡ್ಡಿ ಅಲ್ಲಿದ್ದ ಎಲ್ಲಕ್ಕಿಂತ ಉದ್ದ. ಕುರಿಯೊಂದಕ್ಕೆ ಹಲ್ಲುಜ್ಜಬಹುದಿತ್ತು.

ವಿಲೆಟ್ ಕನ್ನಡಕ ತೆಗೆದು ಒರೆಸಿಕೊಂಡಳು. "ಇದೇನು? ಕಟ್ಟಿಗೇನಾ?"

"ಯಾಕವ್ವಾ, ನೀನೇ ತಾನೆ ಹಲ್ಲುಜ್ಜೋದು ಅಂದೆ?" ಎಂದೆ. "ಕಾಲೇಜಲ್ಲಿ ಹಲ್ಲು ಉಜ್ಜಲ್ವಾ? ಬರೀ ಓದಾದೇ?"

ಅವಳಿಗೆ ನಗು ತಡೆಯಲಾಗಲಿಲ್ಲ, ಬೆಂಚಿನ ಮೇಲೆ ಕೂತೇಬಿಟ್ಟಳು. ಆಗ ಹಿಂದಿನ ಸಾಲಿನಿಂದ ಟೆನ್ಸಕ್ಕನ ಕೈ ಮೇಲೆ ಬಂತು. ಕೈಯಲ್ಲಿ ಅಂಗಡಿಯ ಬ್ರಷ್ಷು. ಕೆಂಪು ಹಿಡಿ, ಬಿಳಿ ಕೂದಲು, ರಟ್ಟಿನ ಪೆಟ್ಟಿಗೆಯಿಂದ ಇನ್ನೂ ಪೂರ್ತಿ ಹೊರಬಂದಿಲ್ಲ. ಸಭೆಯೆಲ್ಲ ಹಿಂದಕ್ಕೆ ಹೊರಳಿ ನೋಡಿತು. ಆಮೇಲೆ ಎದ್ದ ನಗುವಿಗೆ ಚರ್ಚಿನ ಮಾಡಿನ ತಗಡು ಹಾರಿ ಮಿಸ್ಸಿಸಿಪ್ಪಿಯಲ್ಲಿ ಬಿತ್ತು ಎಂದು ನಾನು ಹೇಳುವುದುಂಟು.

"ಟೆನ್ಸಕ್ಕ, ಎಲ್ಲಿಗೆ ಉಜ್ತೀಯೆ ಅದ್ನ?" ಎಂದೆ. "ನಿನ್ ಬಾಯಲ್ಲಿ ಉಜ್ಜಾಕೆ ಏನೈತೆ? ಅಂಗ್ಳಾನಾ?"

ಟೆನ್ಸಕ್ಕ ಕೈ ಇಳಿಸಲಿಲ್ಲ. "ಆ ಮಗು ಎಲ್ರೂ ತನ್ನಿ ಅಂತು," ಎಂದಳು. "ಹಲ್ಲಿರೋರು ಮಾತ್ರ ಅಂತ ಏನ್ ಅನ್ನಲಿಲ್ವಲ್ಲ."

*

ಶುಕ್ರವಾರ ಮಧ್ಯಾಹ್ನ ಮಿಸ್ ಕೊರೀನ್ ಗೆಳತಿಯರನ್ನು ಕರೆದು ಇಸ್ಪೀಟು ಆಡಿದಳು. ನಾನು ಪಕ್ಕದ ಕೋಣೆಯಲ್ಲಿ ಮೇಜುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ನನ್ನ ಕಿವಿ ಎಂಥದೆಂದರೆ ಪಕ್ಕದ ಊರಿನ ಕೋಳಿ ಮೊಟ್ಟೆಯಿಡುವುದು ಕೇಳಿಸುತ್ತದೆ. ಆದರೆ ಆ ದಿನ ಇಸ್ತ್ರಿಪೆಟ್ಟಿಗೆಯ ಮೇಲೆ ನೀರು ಚುಂಯ್ ಎನ್ನುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಅಲ್ಲಿ ಯಾರೋ ಅಂದಿದ್ದರಂತೆ: ನಿಮ್ಮ ಮನೆಗೆಲಸದ ಹೆಂಗಸರ ಚೀಲ ನೋಡಿಕೊಳ್ಳಿ, ಬ್ರಷ್ಷು ಇಟ್ಟುಕೊಂಡವಳು ಸೋಮವಾರ ಕೋರ್ಟಿಗೆ ಹೋಗುವವಳು.

ಸಂಜೆ ಹಿಂಬಾಗಿಲಲ್ಲಿ ಮೊದಲು ನನ್ನ ಚೀಲ. ಸೌಟು ಕಡ್ಡಿಯನ್ನು ಎತ್ತಿ ಕೆಡವಿತು. ಮುಂದೆ ಹೋಗು ಎಂದಿತು. ನನ್ನ ಹಿಂದೆ ಟೆನ್ಸಕ್ಕ.

"ಬಾಯಿ ತೆಗಿ."

ಟೆನ್ಸಕ್ಕನದು ಬಟ್ಟೆಚೀಲ, ದಾರ ಎಳೆದರೆ ತೆರೆಯುವಂಥದ್ದು. ಸೌಟು ಒಳಗೆ ಹೋಯಿತು, ತಿರುವಿತು, ನಿಂತಿತು. ಮಿಸ್ ಕೊರೀನ್ ಮೊದಲ ಸಲ ಕೈ ಹಾಕಿದಳು. ಪೆಟ್ಟಿಗೆ ಬಿಚ್ಚಿ ಬ್ರಷ್ಷನ್ನು ಬೆಳಕಿಗೆ ಹಿಡಿದಳು.

"ಇದು ಯಾರದು?"

"ನಂದೇ."

"ಹಲ್ಲೆಲ್ಲಿದೆ ನಿಂಗೆ?"

ಟೆನ್ಸಕ್ಕ ಅಡುಗೆಮನೆಯ ನೆಲ ನೋಡಿದಳು. ಅದನ್ನು ತಾನೇ ಬೆಳಿಗ್ಗೆ ಉಜ್ಜಿದ್ದಳು.

"ನಾನು ಕೇಳ್ತಿದ್ದೀನಿ. ಬಾಯಿ ತೆಗಿ, ತೋರಿಸು. ಹಲ್ಲೆಲ್ಲಿದೆ?"

"ಇಲ್ಲ ಕಣಮ್ಮಾ."

"ಹಲ್ಲಿಲ್ಲದ ಕರಿ ಮುದುಕಿಗೆ ಬ್ರಷ್ಷು ಯಾಕೆ?"

ಮೊಮ್ಮಗಳಿಗೆ ಎಂದು ಹೇಳಬಹುದಿತ್ತು. ನಿಮ್ಮ ಬೆಳ್ಳಿ ತಿಕ್ಕುವುದಕ್ಕೆ ಎನ್ನಬಹುದಿತ್ತು. ನನ್ನ ನಾಲಗೆಯ ಮೇಲೆ ನೂರು ಸುಳ್ಳು ಸಾಲಾಗಿ ನಿಂತು ನನ್ನನ್ನು ಕಳಿಸು, ನನ್ನನ್ನು ಕಳಿಸು ಎನ್ನುತ್ತಿದ್ದವು. ನಾನು ಬಾಯಿ ತೆರೆಯುವುದರೊಳಗೆ ಟೆನ್ಸಕ್ಕನೇ ಹೇಳಿಬಿಟ್ಟಳು.

"ಜೈಲಿಗೆ."

ಮಿಸ್ ಕೊರೀನ್ ಮುಖ ಬೆಳ್ಳಗಿದ್ದದ್ದು ಇನ್ನೂ ಬೆಳ್ಳಗಾಯಿತು. "ನಾನು ನಿಂಗೆ ಏನು ಕಮ್ಮಿ ಮಾಡಿದ್ದೆ? ಮನೆಯವಳ ಹಾಗೆ ನೋಡ್ಕೊಂಡಿದ್ದೆ ನಿನ್ನ."

"ಹೂಂ ಕಣಮ್ಮಾ."

"ನೀನಿರೋ ಹಿತ್ತಲ ಗುಡಿಸಲು ನಾಳೇನೇ ಖಾಲಿ ಮಾಡು. ಇದು ಇಲ್ಲೇ ಇರಲಿ." ಬ್ರಷ್ಷನ್ನು ಬಟ್ಟಲು ತೊಳೆಯುವ ತೊಟ್ಟಿಗೆ ಎಸೆದಳು. "ನನ್ನ ಅಡುಗೆಮನೆಯಿಂದ ನೀನು ಏನೂ ತಗೊಂಡು ಹೋಗಲ್ಲ."

"ಅದು ನಂದು," ಎಂದಳು ಟೆನ್ಸಕ್ಕ. ಜೋರಾಗಿಯೇನಲ್ಲ. ಒಲೆಯ ಮೇಲಿನ ಸಾರು ಕೆಳಗಿಳಿಸಿದೆ ಎಂದು ಹೇಳುವಷ್ಟೇ ಜೋರು. ಆಮೇಲೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಅದರ ಮಡಿಕೆ ಸರಿಮಾಡಿ, ಹೊರಗೆ ಹೋದಳು.

*

ಶನಿವಾರ ಅಡುಗೆಯೂ ನನ್ನದೇ. ನನ್ನ ಅಡುಗೆ ತಿಂದರೆ ಸತ್ತವನು ಎದ್ದು ಇನ್ನೊಂದು ಸಲ ಹಾಕು ಎನ್ನುತ್ತಾನೆ. ಅವತ್ತು ಮಾತ್ರ ಬೇಕೆಂದೇ ಉಪ್ಪು ಮರೆತೆ. ಊಟವಾದ ಮೇಲೆ ಮಿಸ್ ಕೊರೀನ್ ಗಂಡನ ಹಿತ್ತಾಳೆ ಪೀಕುದಾನಿ ತಂದು ನನ್ನ ಮುಂದಿಟ್ಟಳು. ಮಿಸ್ಟರ್ ಹಾಲ್ಕೂಂಬ್ ಇಡೀ ದಿನ ಹೊಗೆಸೊಪ್ಪು ಜಗಿದು ಅದಕ್ಕೆ ಉಗುಳುವವನು. ಅದರ ಕತ್ತಿನ ಸಂದಿಯಲ್ಲಿ ಅವನ ಅಪ್ಪನ ಕಾಲದ ಉಗುಳೂ ಇತ್ತು.

"ಬಟ್ಟೆ ಸಂದಿಗೆ ಹೋಗಲ್ಲ. ಇದರಲ್ಲಿ ಉಜ್ಜು," ಎಂದು ಕೆಂಪು ಬ್ರಷ್ಷನ್ನು ಕೊಟ್ಟಳು. "ಉಪಯೋಗಕ್ಕೆ ಬರಲಿ."

ಉಜ್ಜಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಿಳಿ ಕೂದಲು ಕಂದಾಗಿ, ಮಧ್ಯಕ್ಕೆ ಸೀಳಿ, ಎರಡೂ ಕಡೆ ಮಲಗಿತು. ನನ್ನ ಕೈಯಿಂದ ವಾಸನೆ ಮೂಗಿಗೆ ಬಂತು, ಮುಖ ಆಚೆ ತಿರುಗಿಸಿಕೊಂಡು ಉಜ್ಜಿದೆ. ಪೀಕುದಾನಿ ಹೇಗೆ ಹೊಳೆಯಿತೆಂದರೆ ಅದರಲ್ಲಿ ನನ್ನ ಮುಖ ಕಂಡಿತು. ದಣಿದ ಮುಖ. ಯಾರದೋ ಎಂದುಕೊಂಡೆ.

"ನೀನಾದರೂ ಬುದ್ಧಿವಂತೆ, ಲುವೀನಿಯಾ," ಎಂದಳು. "ಕಡ್ಡಿ ಜಗಿದುಕೊಂಡು ನಿನ್ನ ಪಾಡಿಗೆ ಇರ್ತೀಯ. ಸೋಮವಾರ ಬೇಗ ಬಾ. ಒಗೆಯೋದು ತುಂಬ ಇದೆ."

"ಹೂಂ ಅಮ್ಮಾವ್ರೆ."

ಸಂಜೆ ಹಿಂಬಾಗಿಲು. ಸೌಟು ಮೊಳೆಯಿಂದ ಇಳಿಯಿತು.

"ಬಾಯಿ ತೆಗಿ."

ಚೀಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಕಿವಿ ಕೇಳಲ್ವಾ? ಅದರ ಬಾಯಿ ತೆಗಿ ಅಂದೆ."

"ಅದ್ಕೆ ಇವತ್ತು ಮನ್ಸಿಲ್ಲ ಕಣಮ್ಮಾವ್ರೆ."

"ಏನಂದೆ?"

"ಚೀಲುಕ್ಕೆ. ದಿನಾ ತೆಗ್ದು ತೆಗ್ದು ದವಡೆ ನೋಯ್ತದಂತೆ."

ಸೌಟಿನಿಂದ ಕುಟ್ಟಿದಳು. ಆಮೇಲೆ ಸೌಟು ಬಿಟ್ಟು ಕೈ ಹಾಕಿದಳು. ಇಷ್ಟು ವರ್ಷ ಅದರ ಕೊಂಡಿ ತೆಗೆದದ್ದು ನಾನು. ಎಡಕ್ಕೆ ಒತ್ತಿ ಮೇಲಕ್ಕೆ ಎತ್ತಬೇಕೆಂದು ಅವಳಿಗೆಲ್ಲಿ ಗೊತ್ತು? ಎಳೆದಳು, ಕೆಳಕ್ಕೆ ಒತ್ತಿದಳು, ಮೇಜಿಗೆ ಬಡಿದಳು. ಟಪ್ ಎಂದು ಉಗುರು ಮುರಿಯಿತೇ ಹೊರತು ಕೊಂಡಿ ಜಗ್ಗಲಿಲ್ಲ. ಬೆರಳು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡಿದಳು. ಹಲ್ಲು ಬರುವ ಕೂಸಿನ ಹಾಗೆ.

"ಒಳಗೇನಿದೆ, ಮುಂಡೆ?"

"ಟೆನ್ಸಕ್ಕಂದು," ಎಂದೆ.

"ಶೆರೀಫ್ ಬಂದು ತೆಗೀತಾನೆ."

"ತೆಗೀಲಿ. ಅವ್ನಿಗೂ ಉಗುರವೆ."

ಚೀಲ ಎತ್ತಿಕೊಂಡೆ. ಆ ದಿನ ನಾನು ಅವರ ಕೆಂಪು ಜಮಖಾನದ ಮೇಲೆ ನಡೆದು ಮುಂಬಾಗಿಲಿನಿಂದ ಹೊರಗೆ ಬಂದೆ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜವಾಗಿ ಬಂದದ್ದು ಹಿಂಬಾಗಿಲಿನಿಂದಲೇ. ನನ್ನ ಕೋಟು ಅಲ್ಲಿ ಗೂಟದ ಮೇಲಿತ್ತು. ಚಳಿ ಬೇರೆ.

*

ಟೆನ್ಸಕ್ಕ ನನ್ನ ಮನೆಯಲ್ಲಿ ಒಲೆಯ ಪಕ್ಕ ಹಾಸಿಕೊಂಡಿದ್ದಳು. ಅವಳದೆಲ್ಲ ಸೇರಿ ಒಂದು ಗಂಟು, ಒಂದು ಕಾವಲಿ. ಭಾನುವಾರ ಬೆಳಿಗ್ಗೆ ಬ್ರಷ್ಷನ್ನು ಸೋಡಾ ಹಾಕಿ ಕುದಿಸಿದೆ. ಕೆಂಪು ಹಿಡಿ ಸ್ವಲ್ಪ ಸೊಟ್ಟಗಾಯಿತು, ಕಂದು ಬಣ್ಣ ಹೋಗಲಿಲ್ಲ. ಅವಳು ಮೂಗಿಗೆ ಹಿಡಿದಳು.

"ಮಿಸ್ಟರ್ ಹಾಲ್ಕೂಂಬ್ ವಾಸ್ನೆ ಬತ್ತಾ ಐತೆ," ಎಂದಳು.

"ಬಿಸಾಕು ಅತ್ಲಾಗೆ. ಕಡ್ಡಿ ಮುರ್ಕೊಡ್ತೀನಿ."

"ಬ್ಯಾಡ." ಬ್ರಷ್ಷನ್ನು ಕರವಸ್ತ್ರದಲ್ಲಿ ಸುತ್ತಿದಳು. "ನೀನ್ಯಾಕೆ ಕೆಲ್ಸ ಕಳ್ಕೊಂಡೆ ಅಮ್ಮಿ, ಇದುಕ್ಕೋಸ್ಕರ?"

"ನಂಗೇನು, ನನ್ ಇಸ್ತ್ರಿಗೆ ವಾಷಿಂಗ್ಟನ್ನಿಂದ ಕಾರು ಬತ್ತದೆ."

"ಬತ್ತದೆ, ಬತ್ತದೆ," ಎಂದು ಕಣ್ಣು ಮುಚ್ಚಿದಳು. "ಅಲ್ಲಿಗಂಟ ಆ ಕಿಟಕಿ ಮುಚ್ಚು. ಗಾಳಿ."

*

ಸೋಮವಾರ ನಾವು ಭಾನುವಾರದ ಟೋಪಿ, ಕೈಗವುಸು ಹಾಕಿಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ನಿಂತೆವು. ಸಾಲು ನದಿಯವರೆಗೆ ಇತ್ತು ಎನ್ನುತ್ತೇನೆ ನಾನು. ಔಷಧಿ ಅಂಗಡಿಯವರೆಗಂತೂ ಇತ್ತು. ಬಾಗಿಲು ಹಾಕಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಕಿಯೇ ಇತ್ತು. ಟೆನ್ಸಕ್ಕ ಕಾಲು ಊದಿದ್ದರಿಂದ ಷೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು, ಕೂರು ಎಂದರೆ ಕೂರಲಿಲ್ಲ. ಕೂತರೆ ಸಾಲಿನಲ್ಲಿಲ್ಲ ಎಂದುಬಿಡುತ್ತಾರೆ ಎಂದಳು. ಬಾಗಿಲಿನ ಗಾಜಿನ ಹಿಂದೆ ಗುಮಾಸ್ತನೊಬ್ಬ ಸ್ಯಾಂಡ್‌ವಿಚ್ ತಿನ್ನುತ್ತ ನಮ್ಮನ್ನು ನೋಡುತ್ತಿದ್ದ.

ಶೆರೀಫನ ಕೈಕೆಳಗಿನ ಪೋಲೀಸಿನವನು ಯಾರ್ಬ್ರೋ ದೊಣ್ಣೆ ತಿರುಗಿಸುತ್ತ ಬಂದ. ಊರಿನ ಕರಿ ಹುಡುಗರ ಪೈಕಿ ಅವನ ದೊಣ್ಣೆಯ ಗುರುತು ಇಲ್ಲದ ಬೆನ್ನು ಹುಡುಕಿದರೂ ಸಿಗುವುದಿಲ್ಲ.

"ಚೀಲ ತೆಗೀರಿ ಎಲ್ಲ," ಎಂದ. "ತಲೆಕೆಳಗೆ ಮಾಡಿ."

ಮಾಡಿದೆವು. ಬಾಚಣಿಗೆ, ಪಿನ್ನು, ಒಳಬಟ್ಟೆ, ತಣ್ಣಗಾದ ರೊಟ್ಟಿ, ಸತ್ತವರ ಫೋಟೋ ಮೆಟ್ಟಿಲ ಮೇಲೆ ಉದುರಿದವು. ಅವುಗಳ ಮೇಲೆ ಕಡ್ಡಿ. ಕಡ್ಡಿಯೋ ಕಡ್ಡಿ. ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ಯಾರ್ಬ್ರೋನ ಬೂಟಿಗೆ ಬಂದು ತಗುಲಿದವು. ಅವನು ಒಂದನ್ನು ಎತ್ತಿ ತುದಿ ಮುಟ್ಟಿ ನೋಡಿದ.

"ಏನಿದು? ಕೋರ್ಟಿಗೆ ಬೆಂಕಿ ಹಾಕೋಕೆ ಪುಳ್ಳೆ ತಂದಿದ್ದೀರೇನೇ, ಸೂಳೇರಾ?"

"ಹಲ್ಲುಜ್ಜೋದು ಕಣಪ್ಪಾ," ಎಂದಳು ಸಾಲಿನಲ್ಲೊಬ್ಬಳು.

"ಚೂಪಾಗಿದೆ," ಎಂದು ಇನ್ನೊಬ್ಬ ಪೋಲೀಸಿನವನಿಗೆ ಕೊಟ್ಟ. "ಆಯುಧ ಅಂತ ಬರ್ಕೋ."

ಕಡ್ಡಿಗಳನ್ನೆಲ್ಲ ಬಾಚಿ ಒಂದು ಗೋಣಿಚೀಲಕ್ಕೆ ತುಂಬಿದರು, ಬಂದೂಕು ಹಿಡಿದವನೊಬ್ಬ ಅದಕ್ಕೆ ಕಾವಲು ನಿಂತ. ನಾನು ಈ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಮಾತು ನಂಬದೆ ಇರುವುದು ನನಗೆ ಹೊಸದಲ್ಲ. ಆದರೆ ಜನ ಸರಿಯಾಗಿ ಇದೊಂದನ್ನೇ ಆರಿಸಿಕೊಂಡು ನಂಬದೆ ಇರುತ್ತಾರೆ.

ಕೊನೆಗೆ ಟೆನ್ಸಕ್ಕನ ಬಟ್ಟೆಚೀಲ. ಕರವಸ್ತ್ರ ಬಿಚ್ಚಿತು, ಸೊಟ್ಟ ಬ್ರಷ್ಷು ಬಿತ್ತು. ಯಾರ್ಬ್ರೋ ಬ್ರಷ್ಷು ನೋಡಿದ, ಅವಳ ಬೋಡುಬಾಯಿ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಪೋಲೀಸಿನವರೆಲ್ಲ ನಕ್ಕರು. ಗಾಜಿನ ಹಿಂದಿನ ಗುಮಾಸ್ತನೂ ಸ್ಯಾಂಡ್‌ವಿಚ್ ಬಾಯಲ್ಲಿಟ್ಟುಕೊಂಡು ನಕ್ಕ.

"ಇದು ಮಾತ್ರ ಇವಳ ಹತ್ರಾನೇ ಇರಲಿ," ಎಂದ ಯಾರ್ಬ್ರೋ. "ಹುಷಾರು ಮುದುಕಿ, ಹಲ್ಲು ಸವೆದೀತು."

ಹೀಗೆ ಜೈಲಿಗೆ ಹೋದ ನಮ್ಮೆಲ್ಲರ ಸಾಮಾನಿನಲ್ಲಿ ಒಳಗೆ ಬಂದದ್ದು ಅದೊಂದೇ.

*

ಜೈಲಿನ ಕೋಣೆ ಒಂದು ಹಸುವಿಗೆ ಸಾಕಾಗುವಷ್ಟಿತ್ತು. ನಾವು ಅದರಲ್ಲಿ ಒಬ್ಬರ ಮೊಣಕಾಲಿನ ಮೇಲೆ ಇನ್ನೊಬ್ಬರು. ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಹಾಡಿದೆವು. ನನ್ನ ದನಿಗೆ ಗೋಡೆ ಬಿರಿಯಬೇಕಿತ್ತು, ಬಿರಿಯಲಿಲ್ಲ. ಹಾಡು ಕೂಡ ಬೆಳಗಿನ ಹೊತ್ತಿಗೆ ದಣಿದು ಮೂಲೆಗೆ ಕೂತಿತು. ವಿಲೆಟ್ ನನ್ನ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದಳು. ಅವಳ ಕನ್ನಡಕದ ಒಂದು ಗಾಜು ಒಡೆದಿತ್ತು.

ಬೆಳಕು ಹರಿದಾಗ ಯಾರ್ಬ್ರೋ ಬಂದು ದೊಣ್ಣೆಯಿಂದ ಸರಳು ಬಡಿದ.

"ಕೇಳ್ರೇ. ಹೊರಗಿನವರು ಬಂದು ತಲೆ ಕೆಡಿಸಿದ್ರು, ತಪ್ಪಾಯ್ತು, ಇನ್ನು ಕೋರ್ಟಿನ ಕಡೆ ತಲೆ ಹಾಕಲ್ಲ ಅಂತ ಬಾಯಿಬಿಟ್ಟು ಹೇಳಿದೋಳು ಮನೆಗೆ ಹೋಗಬಹುದು. ಇಲ್ದಿದ್ರೆ ಹೊಲದಲ್ಲಿ ದುಡಿಸೋ ಜೈಲು. ಮೊದಲು ಆ ಮುದುಕಿ. ಎಲ್ಲಿ ಅವಳು?"

ಟೆನ್ಸಕ್ಕ ನಲ್ಲಿಯ ಮುಂದೆ ನಿಂತಿದ್ದಳು. ಬರಿಗಾಲು. ಬ್ರಷ್ಷನ್ನು ನೀರಿಗೆ ಹಿಡಿದು, ಬಾಯಿಗಿಟ್ಟು, ಬಲಗಡೆಯ ಒಸಡನ್ನು ಉಜ್ಜುತ್ತಿದ್ದಳು. ನಿಧಾನವಾಗಿ, ಒಳಗೆ, ಹೊರಗೆ, ಮತ್ತೆ ಒಳಗೆ. ಅಲ್ಲಿ ಪೂರ್ತಿ ಹಲ್ಲಿನ ಸಾಲು ಇದೆ ಎನ್ನುವ ಹಾಗೆ, ಒಂದೊಂದಕ್ಕೂ ಅದರದರ ಪಾಲು ಕೊಡುವ ಹಾಗೆ.

"ಲೇ ಮುದುಕಿ. ನಿನ್ನೇ ಕರೆದದ್ದು."

"ತಡಿ," ಎಂದಳು ಬ್ರಷ್ಷಿನ ಸಂದಿಯಿಂದ. "ಬಾಯಿ ತೊಳೀತಾ ಇವ್ನಿ."

"ಮನೆಗೆ ಹೋಗ್ತೀಯೋ ಇಲ್ವೋ?"

"ಯಾವ್ ಮನೆ?" ಎಂದಳು, ಎಡಗಡೆಗೆ ಹೊರಳಿ.

ಅವನು ಸರಳನ್ನು ಮತ್ತೆ ಬಡಿದ. ಮಲಗಿದ್ದವರೆಲ್ಲ ಎದ್ದು ಕೂತರು. "ತಮಾಷೆ ಮಾಡಬೇಡ. ಬಾಯಿ ತೆಗಿ. ತಪ್ಪಾಯ್ತು ಅನ್ನು."

ಟೆನ್ಸಕ್ಕ ಬ್ರಷ್ಷು ಕೈಯಲ್ಲಿ ಹಿಡಿದು, ನಮ್ಮ ಕಾಲುಗಳನ್ನು ದಾಟಿ, ಸರಳಿನ ಹತ್ತಿರ ಬಂದಳು. ಮುಖವನ್ನು ಅವನ ಮುಖದ ಎದುರಿಗೆ ತಂದು ಬಾಯಿ ತೆರೆದಳು. ಎಷ್ಟು ಅಗಲ ಆಗುತ್ತದೋ ಅಷ್ಟು ಅಗಲ. ಕೆಂಪು ಒಸಡು, ನಾಲಗೆ, ಅಂಗಳು, ಕಿರುನಾಲಗೆ, ಅದರಾಚೆಯ ಕತ್ತಲು, ಎಲ್ಲ ತೋರಿಸಿದಳು. ಅವನು ಒಳಗೆ ಇಣುಕಿ ನೋಡಿದ. ಒಳಗೆ ಕದ್ದದ್ದು ಏನೂ ಇರಲಿಲ್ಲ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಬಾಯಿ ಮುಚ್ಚಿದಳು. ನಲ್ಲಿಗೆ ವಾಪಸು ಹೋಗಿ, ಬ್ರಷ್ಷನ್ನು ನೀರಿಗೆ ಹಿಡಿದು, ಎಡಗಡೆ ಉಳಿದಿದ್ದ ಜಾಗದಿಂದ ಮತ್ತೆ ಶುರುಮಾಡಿದಳು.